ಗೋಧಿ ಬಿಟ್ಟವರ ಹೊಟ್ಟೆ ತುಂಬಿದ ಕಥೆ

"ಅನ್ನ ಬಿಟ್ಟು ರಾತ್ರಿ ಎರಡು ಚಪಾತಿ ತಿನ್ನಿ, ತೂಕ ತಾನಾಗೇ ಇಳಿಯುತ್ತೆ."

ಬೆಂಗಳೂರಿನಲ್ಲಿ ಸಣ್ಣ ಆಗಬೇಕು ಅಂತ ಬಾಯಿ ಬಿಟ್ಟರೆ ಸಾಕು, ಈ ಮಾತು ಮೂರು ದಿಕ್ಕಿನಿಂದ ಬರುತ್ತೆ. ಆಫೀಸಿನ ಗೆಳೆಯ ಹೇಳ್ತಾನೆ, ಪಕ್ಕದ ಮನೆ ಆಂಟಿ ಹೇಳ್ತಾರೆ, ಜಿಮ್ಮಿನ ಹುಡುಗನೂ ಹೇಳ್ತಾನೆ. ನಾನು ಹಲ್ಲು ಕಿರಿದು ಸುಮ್ಮನಾಗ್ತೀನಿ. ಯಾಕಂದ್ರೆ ಚಪಾತಿ ನನಗಾಗದು. ನನಗಿರೋದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ನನ್ನ ದೇಹ ತನ್ನ ಸಣ್ಣ ಕರುಳಿನ ಮೇಲೇ ದಾಳಿ ಮಾಡುತ್ತೆ. ಕರುಳಿನ ಒಳಗೋಡೆಯಲ್ಲಿ ಟವೆಲ್ಲಿನ ನೂಲಿನ ಥರ ಎದ್ದು ನಿಂತಿರುವ ಸಣ್ಣ ಸಣ್ಣ ಕುಚ್ಚುಗಳು ಸವೆದು ಚಪ್ಪಟೆಯಾಗಿಬಿಡುತ್ತವೆ. ಆಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಗೋಧಿ ಬಿಡೋದೊಂದೇ ದಾರಿ.

(ಗ್ಲುಟೆನ್ ಅಂದ್ರೆ ಏನು ಅಂತ ನೋಡಬೇಕಾದ್ರೆ ಒಂದು ಉಂಡೆ ಚಪಾತಿ ಹಿಟ್ಟು ತಗೊಂಡು ನಲ್ಲಿ ಕೆಳಗೆ ಹಿಡಿದು ತೊಳೀತಾ ಹೋಗಿ. ಬಿಳೀ ಗಂಜಿ ಎಲ್ಲಾ ಹರಿದುಹೋಗಿ ಕೊನೆಗೆ ಚ್ಯೂಯಿಂಗ್ ಗಮ್ಮಿನಂಥ ಅಂಟು ಕೈಯಲ್ಲಿ ಉಳಿಯುತ್ತೆ. ಅದೇ. ಇಟಲಿಯ ಬೊಲೋನ್ಯಾದ ಬೆಕ್ಕಾರಿ ಎಂಬಾತ 1728ರಲ್ಲೇ ಹೀಗೆ ತೊಳೆದು ತೋರಿಸಿದ್ದ.)

ಗೋಧಿ ಬಿಟ್ಟು ಎರಡು ವರ್ಷಕ್ಕೆ ನನ್ನ ತೂಕ 61ರಿಂದ 74 ಕೆಜಿಗೆ ಬಂತು. ಕುಚ್ಚುಗಳು ಮತ್ತೆ ಬೆಳೆದಿದ್ದವಲ್ಲ, ಅಲ್ಲಿಯವರೆಗೆ ವ್ಯರ್ಥವಾಗಿ ಹೋಗುತ್ತಿದ್ದದ್ದೆಲ್ಲ ಈಗ ಮೈಗೆ ಹತ್ತತೊಡಗಿತು. ಜೊತೆಗೆ ಗ್ಲುಟೆನ್ ಇಲ್ಲ ಅಂತ ಬರೆದ ದುಬಾರಿ ಬಿಸ್ಕತ್ತು ಬೇರೆ. ಸರಿ, ಮೊಬೈಲಿಗೆ ಒಂದು ಆಪ್ ಹಾಕಿಕೊಂಡೆ. ಅದು ದಿನಕ್ಕೆ 1200 ಕ್ಯಾಲೊರಿ ಅಂತು. ಗೋಧಿ ಹೇಗೂ ಇಲ್ಲ, ಅನ್ನವನ್ನೂ ಬಿಟ್ಟೆ. ಮಧ್ಯಾಹ್ನ ಡಬ್ಬಿಯಲ್ಲಿ ಸೌತೆಕಾಯಿ, ಮೊಸರು. ರಾತ್ರಿ ಒಂದು ಬಟ್ಟಲು ಬೇಳೆ. ಮೂರನೇ ತಿಂಗಳು ಆಫೀಸಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಕೂದಲು ಬಾಚಣಿಗೆ ತುಂಬ. ಎಲ್ಲೋ ಗೋಧಿ ಸೇರಿಕೊಂಡಿರಬೇಕು ಅಂತ ಗಾಬರಿಯಾಗಿ ರಕ್ತ ಪರೀಕ್ಷೆ ಮಾಡಿಸಿದೆ. ಸೀಲಿಯಾಕ್ ಪರೀಕ್ಷೆ ಸರಿಯಾಗೇ ಇತ್ತು. ಹಿಮೋಗ್ಲೋಬಿನ್ ಮಾತ್ರ ಮತ್ತೆ ಪಾತಾಳದಲ್ಲಿ.

ಡಾಕ್ಟರು ರಿಪೋರ್ಟು ಪಕ್ಕಕ್ಕಿಟ್ಟು, "ಏನು ತಿನ್ನೋದಿಲ್ಲ ಅಂತ ಚೆನ್ನಾಗಿ ಹೇಳಿದ್ರಿ. ಏನು ತಿಂತೀರ ಅದನ್ನ ಹೇಳಿ" ಅಂದ್ರು.

ನಾನು ಉತ್ತರ ಕೊಡೋಕೆ ತಡವರಿಸಿದೆ. ಆ ಪ್ರಶ್ನೆ ತಲೆ ಕೊರೀತಾ ಇದ್ದಾಗಲೇ ಈ ಕಾಯಿಲೆಯ ಇತಿಹಾಸ ಓದೋಕೆ ಕೂತಿದ್ದು. ಓದಿದಷ್ಟೂ ಅನ್ನಿಸಿದ್ದು ಇಷ್ಟು: ಸುಮಾರು ಅರವತ್ತು ವರ್ಷ ದೊಡ್ಡ ದೊಡ್ಡ ಡಾಕ್ಟರುಗಳು ಈ ರೋಗಿಗಳಿಗೆ ಮಾಡಿದ್ದೂ, ನಾನು ನನಗೇ ಮೂರು ತಿಂಗಳು ಮಾಡಿಕೊಂಡಿದ್ದೂ ಹೆಚ್ಚುಕಡಿಮೆ ಒಂದೇ.

ಹೆಸರು ಹಳೇದು. ಸುಮಾರು ಒಂದೂ ಮುಕ್ಕಾಲು, ಎರಡು ಸಾವಿರ ವರ್ಷದ ಹಿಂದೆ ಕಪ್ಪಡೋಸಿಯಾದ (ಈಗಿನ ಟರ್ಕಿ) ಅರೆಟಿಯಸ್ ಎಂಬ ಗ್ರೀಕ್ ವೈದ್ಯ, ತಿಂದದ್ದು ಜೀರ್ಣವಾಗದೆ ಹಾಗೇ ಹೊರಬಂದು ಬಡಕಲಾಗುವ ರೋಗಿಗಳ ಬಗ್ಗೆ ಬರೆದ. ಗ್ರೀಕಿನಲ್ಲಿ ಕೊಯಿಲಿಯಾ ಅಂದ್ರೆ ಹೊಟ್ಟೆ. ಅದರಿಂದ ಬಂದದ್ದು ಸೀಲಿಯಾಕ್. ಅಷ್ಟೇ, ಬರೀ 'ಹೊಟ್ಟೆ ಕಾಯಿಲೆ' :)

ನಿಜವಾದ ಕಥೆ ಶುರುವಾಗೋದು ಲಂಡನ್ನಿನಲ್ಲಿ. ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ 1887ರ ಅಕ್ಟೋಬರ್ 5ರಂದು ಸ್ಯಾಮ್ಯುಯೆಲ್ ಗೀ ಎಂಬ ಡಾಕ್ಟರು ಒಂದು ಉಪನ್ಯಾಸ ಕೊಟ್ಟ. ಮಾರನೇ ವರ್ಷ ಅದು ಅಚ್ಚಾಯಿತು. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ಹೊಟ್ಟೆ ಉಬ್ಬಿರುತ್ತೆ, ಕೈಕಾಲು ಕಡ್ಡಿ, ಮಗು ಬೆಳೆಯೋದಿಲ್ಲ. ವಾಸಿಯಾಗೋದಾದ್ರೆ ಅದು ಆಹಾರದಿಂದಲೇ ಆಗಬೇಕು ಅಂತ ಗೀ ಹೇಳಿದ. ಸರಿಯಾದ ಮಾತು. ಆದರೆ ಯಾವ ಆಹಾರ? ಇಲ್ಲಿ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಅಕ್ಕಿ ಬೇಡ, ಸಾಬುದಾನ ಬೇಡ, ಮೆಕ್ಕೆಜೋಳದ ಹಿಟ್ಟು ಬೇಡ ಅಂದ. ಬ್ರೆಡ್ಡನ್ನು ತೆಳ್ಳಗೆ ಕತ್ತರಿಸಿ ಎರಡೂ ಕಡೆ ಚೆನ್ನಾಗಿ ಸುಟ್ಟು ಕೊಡಬಹುದು ಅಂದ! ಅಂದರೆ ಯಾವುದು ಆ ಮಗುವನ್ನು ಉಳಿಸುತ್ತಿತ್ತೋ ಅದನ್ನು ಕಿತ್ತುಕೊಂಡು, ಕೊಲ್ಲುವುದನ್ನು ಗರಿಗರಿ ಮಾಡಿ ಕೈಗಿಟ್ಟ. ಬೈಯೋಕೂ ಮನಸ್ಸು ಬರಲ್ಲ, ಅವನ ಕಣ್ಣಿಗೆ ಕಂಡದ್ದು ಅಷ್ಟೇ. ಪಿಷ್ಟ ಜಾಸ್ತಿ ಇದ್ದರೆ ಮಗುವಿಗೆ ಆಗಲ್ಲ ಅನ್ನೋದು ಅವನ ಲೆಕ್ಕ.

ಅದೇ ಉಪನ್ಯಾಸದಲ್ಲಿ ಇನ್ನೊಂದು ಮಗು ಬರುತ್ತೆ. ಆ ಮಗುವಿಗೆ ದಿನಕ್ಕೆ ಒಂದು ಕ್ವಾರ್ಟ್, ಅಂದರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ಅಳತೆಯ ಹಾಲೆಂಡಿನ ಮಸ್ಸೆಲ್ ಚಿಪ್ಪು ತಿನ್ನಿಸಿದರು (ನಮ್ಮ ಮಂಗಳೂರು ಕಡೆಯವರು ಪಚ್ಚಿಲೆ ಅಂತಾರಲ್ಲ, ಆ ಜಾತಿ). ಮಗು ಮೈ ಕೈ ತುಂಬಿಕೊಂಡಿತು. ಚಿಪ್ಪಿನ ಸೀಸನ್ ಮುಗಿಯಿತು, ಮಗು ಮತ್ತೆ ಬಿದ್ದುಹೋಯಿತು. ಮುಂದಿನ ಸೀಸನ್ನಿಗೆ ತಂದು ಕೊಟ್ಟರೆ ಎಷ್ಟು ಬೇಡಿಕೊಂಡರೂ ಮಗು ಬಾಯಿ ಬಿಡಲಿಲ್ಲ. ನನಗೆ ಆ ಮಗುವಿನ ಮೇಲೆ ಯಾಕೋ ಬಹಳ ಪ್ರೀತಿ. ಹೆಸರಿಲ್ಲ, ಮುಂದೇನಾಯಿತು ಅಂತಲೂ ಆ ಉಪನ್ಯಾಸದಲ್ಲಿ ಇಲ್ಲ. ಎರಡನೇ ತಿಂಗಳ ಸೌತೆಕಾಯಿ ಡಬ್ಬಿ ತೆಗೆದಾಗ ನನಗೂ ಹಾಗೇ ಆಗ್ತಿತ್ತು.

ಇಲ್ಲೊಂದು ತಮಾಷೆ ಹೇಳಿಬಿಡ್ತೀನಿ. ಅದೇ ಲಂಡನ್ನಿನಲ್ಲಿ, ಗೀ ಉಪನ್ಯಾಸಕ್ಕೆ 24 ವರ್ಷ ಮೊದಲು, ಅಂದರೆ 1863ರಲ್ಲಿ, ವಿಲಿಯಂ ಬ್ಯಾಂಟಿಂಗ್ ಎಂಬಾತ ತಾನು ತೂಕ ಇಳಿಸಿದ ಕಥೆಯನ್ನು ಸಣ್ಣ ಪುಸ್ತಕ ಮಾಡಿ ಹಂಚಿದ. ಹೆಣದ ಪೆಟ್ಟಿಗೆ, ಶವಸಂಸ್ಕಾರ ಅವನ ಮನೆತನದ ಕಸುಬು. 202 ಪೌಂಡ್ (ಸುಮಾರು 92 ಕೆಜಿ) ಇದ್ದವನು ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು 46 ಪೌಂಡ್ ಇಳಿಸಿದ. ಪುಸ್ತಕ ಎಷ್ಟು ಓಡಿತು ಅಂದ್ರೆ ಪಥ್ಯ ಮಾಡೋದಕ್ಕೇ ಇಂಗ್ಲಿಷಿನಲ್ಲಿ ಅವನ ಹೆಸರು ಬಂತು. ಬ್ರೆಡ್ಡು ಬಿಟ್ಟೆ ಅಂದವನ ತಟ್ಟೆಯಲ್ಲಿ ಊಟದ ಹೊತ್ತಿಗೆ ಏನಿತ್ತು ಗೊತ್ತಾ? ಒಂದು ಔನ್ಸ್ ಒಣ ಟೋಸ್ಟು. ದಪ್ಪ ಮನುಷ್ಯ ಸಣ್ಣ ಆಗೋಕೂ ತೆಳ್ಳನೆ ಟೋಸ್ಟು, ಬಡಕಲು ಮಗು ದಪ್ಪ ಆಗೋಕೂ ತೆಳ್ಳನೆ ಟೋಸ್ಟು. ನಮ್ಮ 'ರಾತ್ರಿ ಎರಡು ಚಪಾತಿ'ಗೆ ಇವೆರಡೂ ಅಣ್ಣಂದಿರು.

ಗೀ ಆದಮೇಲೆ ಪಟ್ಟಿ ಉದ್ದವಾಗ್ತಾ ಹೋಯಿತು. 1908ರಲ್ಲಿ ನ್ಯೂಯಾರ್ಕಿನ ಹರ್ಟರ್ ಈ ಮಕ್ಕಳ ಬಗ್ಗೆ ಪುಸ್ತಕ ಬರೆದ, ಕಾಯಿಲೆಗೆ ಗೀ-ಹರ್ಟರ್ ಅಂತ ಜೋಡಿ ಹೆಸರು ಬಂತು. 1921ರಲ್ಲಿ ಹೌಲೆಂಡ್ ಎಂಬುವನು ಮೂರು ಹಂತದ ಪಥ್ಯ ಹೇಳಿದ. ಅದರಲ್ಲಿ ಪಿಷ್ಟ ವಾಪಸ್ ಬರೋದು ಕಟ್ಟಕಡೆಗೆ. ಒಬ್ಬೊಬ್ಬರು ಒಂದೊಂದು ಕಿತ್ತುಕೊಂಡರು. ಮಕ್ಕಳು ಸಾಯೋದು ನಿಲ್ಲಲಿಲ್ಲ. 1939ರಲ್ಲಿ ಲಂಡನ್ನಿನಿಂದ ಪ್ರಕಟವಾದ 73 ಮಕ್ಕಳ ಲೆಕ್ಕದಲ್ಲಿ ನೂರಕ್ಕೆ ಮೂವತ್ತರಷ್ಟು ಮಕ್ಕಳು ಉಳಿದಿರಲಿಲ್ಲ.

ಈ ನಡುವೆ ಒಬ್ಬನೇ ಒಬ್ಬ 'ತಿನ್ನು' ಅಂದವನು ಸಿಡ್ನಿ ಹಾಸ್, ನ್ಯೂಯಾರ್ಕಿನವನು. 1924ರಲ್ಲಿ ಹತ್ತು ಮಕ್ಕಳ ಬಗ್ಗೆ ಬರೆದ: ಬಾಳೆಹಣ್ಣು ಕೊಟ್ಟ ಎಂಟು ಮಕ್ಕಳು ಚೇತರಿಸಿಕೊಂಡರು, ಕೊಡದ ಎರಡು ಮಕ್ಕಳು ತೀರಿಕೊಂಡರು. ದಿನಕ್ಕೆ ನಾಲ್ಕರಿಂದ ಎಂಟು ಬಾಳೆಹಣ್ಣು! ಬ್ರೆಡ್ಡು, ಆಲೂಗಡ್ಡೆ, ಎಲ್ಲ ಧಾನ್ಯ ಬಂದ್. ಬ್ರೆಡ್ಡು ಬಿಟ್ಟಿದ್ದೇ ಔಷಧಿಯಾಗಿತ್ತು, ಹೆಸರು ಬಂದಿದ್ದು ಬಾಳೆಹಣ್ಣಿಗೆ. ಆದರೂ ಬಾಳೆಹಣ್ಣಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಬೇಕು ಅಂತ ನನ್ನ ವಾದ. ಅಷ್ಟೆಲ್ಲ ಕಿತ್ತುಕೊಂಡ ತಟ್ಟೆಯಲ್ಲಿ ಮಗುವಿನ ಹೊಟ್ಟೆ ತುಂಬಿಸಿದ್ದು ಅದೇ. ಕಷ್ಟ ಏನಾಯಿತು ಅಂದ್ರೆ, ಹಾಸ್ 'ವಾಸಿಯಾಯಿತು' ಅಂತ ನಂಬಿದ್ದ. ವಾಸಿಯಾದ ಮಕ್ಕಳು ಮತ್ತೆ ಬ್ರೆಡ್ಡು ತಿಂದರು. ಗ್ಲುಟೆನ್ ವಿಷಯ ಗೊತ್ತಾದ ಮೇಲೂ ಆತ ತನ್ನ ಬಾಳೆಹಣ್ಣಿನ ಪಕ್ಷ ಬಿಡಲಿಲ್ಲ.

ಈಗ ಹಾಲೆಂಡ್. ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ವಿಲೆಮ್ ಕರೆಲ್ ಡಿಕ್ಕೆ ಎಂಬ ಮಕ್ಕಳ ಡಾಕ್ಟರಿದ್ದ. ಹುಟ್ಟಿದ್ದು 1905ರಲ್ಲಿ, 1936ರಲ್ಲಿ, ಮೂವತ್ತೊಂದು ವಯಸ್ಸಿಗೇ ಆ ಆಸ್ಪತ್ರೆಯ ಮುಖ್ಯಸ್ಥನಾಗಿದ್ದ. ಗೋಧಿಯ ಮೇಲೆ ಅವನಿಗೆ ಯುದ್ಧಕ್ಕೆ ಮುಂಚೆಯೇ ಅನುಮಾನ ಇತ್ತು, ಗೋಧಿ ಇಲ್ಲದ ಊಟ ಕೊಟ್ಟು ನೋಡ್ತಿದ್ದ. ಈ ಮಾತು ಒತ್ತಿ ಹೇಳ್ತಿದ್ದೀನಿ, ಯಾಕಂದ್ರೆ ಎಲ್ಲ ಕಡೆ 'ಬರಗಾಲದಲ್ಲಿ ಆಕಸ್ಮಿಕವಾಗಿ ಕಂಡುಹಿಡಿದ' ಅಂತ ಸಿನಿಮಾ ಥರ ಬರೀತಾರೆ. ಹಾಗಲ್ಲ. 1941ರಲ್ಲೇ, ಹಾಲೆಂಡ್ ಜರ್ಮನ್ನರ ಕೈಯಲ್ಲಿದ್ದಾಗ, ಡಚ್ ಭಾಷೆಯಲ್ಲಿ ಒಂದು ಸಣ್ಣ ಲೇಖನ ಬರೆದ. ಅದರ ತಿರುಳು ಇದು: ಹಾಸ್‌ನ ಬಾಳೆಹಣ್ಣಿನ ಪಥ್ಯ, ಸ್ವಿಸ್ ಡಾಕ್ಟರು ಫಾಂಕೋನಿಯ ಹಣ್ಣು-ತರಕಾರಿ ಪಥ್ಯ ಒಳ್ಳೇವು ಅಂತಾರೆ. ಆದರೆ ಈ ಯುದ್ಧದಲ್ಲಿ ಅವು ಎಲ್ಲಿ ಸಿಗಬೇಕು? ಅದಕ್ಕೆ ನಾನು ಸುಲಭದ ಊಟ ಕೊಡ್ತಿದ್ದೀನಿ. ಬ್ರೆಡ್ಡು, ರಸ್ಕು ಬೇಡ. ಎರಡು ಹೊತ್ತು ಬಿಸಿ ಊಟ, ಮೂರನೇ ಹೊತ್ತು ಗಂಜಿ; ಗಂಜಿಗೆ ಗೋಧಿಹಿಟ್ಟು ಮಾತ್ರ ಹಾಕಬೇಡಿ.

ಇದನ್ನು ಓದಿದಾಗ ನಾನು ಒಂದು ನಿಮಿಷ ಸುಮ್ಮನೆ ಕೂತಿದ್ದೆ. ಮೂರು ಹೊತ್ತು ಊಟ! ಅಲ್ಲಿಯವರೆಗೆ ಬಂದವರೆಲ್ಲ ಬೇಡದ ಪಟ್ಟಿ ಬೆಳೆಸಿದರು. ಡಿಕ್ಕೆ ಬೇಡದ ಪಟ್ಟಿಯನ್ನು ಒಂದೇ ಒಂದಕ್ಕೆ ಇಳಿಸಿ ಮಿಕ್ಕಿದ್ದೆಲ್ಲ ಮಗುವಿಗೆ ವಾಪಸ್ ಕೊಟ್ಟ. ನಾವು ಕೋಡಿನಲ್ಲಿ ಬಗ್ ಹುಡುಕೋದೂ ಹೀಗೇ. ಇಡೀ ಮಾಡ್ಯೂಲನ್ನೇ ಕಾಮೆಂಟ್ ಮಾಡಿ ಎಸೆದರೆ ಎರರ್ ಹೋಗುತ್ತೆ ನಿಜ, ಪ್ರೋಗ್ರಾಮೂ ಹೋಗುತ್ತೆ. ಯಾವ ಸಾಲು ಅಂತ ಕಂಡುಹಿಡಿಯೋನು ಎಂಜಿನಿಯರು.

ಆಮೇಲೆ ಬಂತು 1944-45ರ ಚಳಿಗಾಲ. ಡಚ್ಚರು ಅದನ್ನು ಹಸಿವಿನ ಚಳಿಗಾಲ ಅಂತಲೇ ಕರೀತಾರೆ. ಜರ್ಮನ್ನರು ಆಹಾರ ಸಾಗಣೆ ತಡೆದರು, ಕಾಲುವೆಗಳು ಹೆಪ್ಪುಗಟ್ಟಿದವು. ಪಶ್ಚಿಮ ಹಾಲೆಂಡಿನ ನಗರಗಳಲ್ಲಿ ರೇಷನ್ನು ನವೆಂಬರ್ ಕೊನೆಗೆ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗೆ, ಫೆಬ್ರವರಿ ಹೊತ್ತಿಗೆ 600ಕ್ಕಿಂತ ಕೆಳಗೆ ಹೋಯಿತು. ಜನ ಟುಲಿಪ್ ಗೆಡ್ಡೆ ಬೇಯಿಸಿಕೊಂಡು ತಿಂದರು. ಸುಮಾರು 20,000 ಮಂದಿ ಸತ್ತರು. ಆಗ ಡಿಕ್ಕೆ ಕಂಡಿದ್ದು, ಊರಿಗೆ ಊರೇ ಹಸಿದಿರುವಾಗ ಅವನ ಸೀಲಿಯಾಕ್ ಮಕ್ಕಳು ಮಾತ್ರ ಮೊದಲಿಗಿಂತ ಚೆನ್ನಾಗಿದ್ದಾರೆ. ಬ್ರೆಡ್ಡು ಇಲ್ಲವಲ್ಲ. 1945ರಲ್ಲಿ ಬ್ರೆಡ್ಡು ವಾಪಸ್ ಬಂದಾಗ ಅವರು ಮತ್ತೆ ಹಾಸಿಗೆ ಹಿಡಿದರು. ಮೊದಲಿಂದ ಇದ್ದ ಅನುಮಾನಕ್ಕೆ ಇಡೀ ದೇಶವೇ ಒಂದು ಪ್ರಯೋಗಶಾಲೆ ಆಗಿಬಿಟ್ಟಿತ್ತು, ಯಾರೂ ಕೇಳದೆ.

ಯುದ್ಧ ಮುಗಿದ ಮೇಲೆ ಗಟ್ಟಿ ಲೆಕ್ಕ ಶುರು. ವಾನ್ ಡೆ ಕಾಮೆರ್ ಎಂಬ ರಸಾಯನ ವಿಜ್ಞಾನಿ ಮಲದಲ್ಲಿ ಎಷ್ಟು ಕೊಬ್ಬು ವ್ಯರ್ಥವಾಗಿ ಹೋಗ್ತಿದೆ ಅಂತ ಅಳೆಯುವ ವಿಧಾನ ಮಾಡಿದ. ಮಗುವಿಗೆ ಗೋಧಿ ಕೊಡು, ಅಳೆ, ನಿಲ್ಲಿಸು, ಅಳೆ. 1950ರಲ್ಲಿ ಡಿಕ್ಕೆ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ತನ್ನ ಪ್ರಬಂಧ ಕೊಟ್ಟ. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ತಂಡ ಗೋಧಿಯಲ್ಲಿ ತೊಂದರೆ ಕೊಡೋದು ಪಿಷ್ಟ ಅಲ್ಲ, ಗ್ಲುಟೆನ್ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿತು. ಗೀ ಕಿತ್ತುಕೊಂಡಿದ್ದ ಅಕ್ಕಿ 65 ವರ್ಷಕ್ಕೆ ನಿರ್ದೋಷಿ ಅಂತ ಬಿಡುಗಡೆ ಆಯ್ತು. 1954ರಲ್ಲಿ ಪಾಲಿ ಎಂಬ ಇಂಗ್ಲೆಂಡಿನ ಡಾಕ್ಟರು ಚಪ್ಪಟೆಯಾದ ಕರುಳಿನ ಕುಚ್ಚುಗಳ ಬಗ್ಗೆ ಬರೆದ. ಡಿಕ್ಕೆ 1962ರಲ್ಲಿ ತೀರಿಕೊಂಡ, ಅರವತ್ತೂ ಆಗಿರಲಿಲ್ಲ.

ಹಸಿವಿನ ಚಳಿಗಾಲದ ಹೊತ್ತಿಗೇ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ನಡೀತಿತ್ತು. ಆನ್ಸೆಲ್ ಕೀಸ್ ಎಂಬಾತ, ಯುದ್ಧಕ್ಕೆ ಹೋಗಲ್ಲ ಅಂದ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆ ಮೇಲೆ 24 ವಾರ ಅರೆಹೊಟ್ಟೆಯಲ್ಲಿಟ್ಟ. ಯುರೋಪಿನ ಹಸಿದವರಿಗೆ ಮತ್ತೆ ಹೇಗೆ ಉಣ್ಣಿಸಬೇಕು ಅಂತ ತಿಳಿಯೋಕೆ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಸದಾ ಚಳಿ, ಸಿಡುಕು, ತಲೆಯಲ್ಲಿ ಊಟ ಬಿಟ್ಟರೆ ಬೇರೆ ಇಲ್ಲ, ಅಡುಗೆ ಪುಸ್ತಕ ಓದುತ್ತಾ ಕೂರೋರು. ಅವರಿಗೆ ದಿನಕ್ಕೆ ಕೊಡ್ತಿದ್ದದ್ದು ಸುಮಾರು 1570 ಕ್ಯಾಲೊರಿ. ಗಂಡಸರು, ವಾರಕ್ಕೆ 22 ಮೈಲಿ ನಡೀಬೇಕಿತ್ತು, ನಿಜ. ನನ್ನ ಹಾಗೆ ಕುರ್ಚಿಯಲ್ಲಿ ಕೂತವರಲ್ಲ. ಆದ್ರೂ ವಿಜ್ಞಾನಿಯೊಬ್ಬ ಹಸಿವನ್ನು ಅಭ್ಯಾಸ ಮಾಡೋಕೆ ಇಟ್ಟುಕೊಂಡ ಲೆಕ್ಕ 1570, ನನ್ನ ಆಪ್ ಹಸಿರು ಟಿಕ್ ಹಾಕಿ ಶಭಾಷ್ ಅಂತಿದ್ದದ್ದು 1200ಕ್ಕೆ. ಆ ಮೂರು ತಿಂಗಳು ನಾನೂ ರಾತ್ರಿ ಹನ್ನೆರಡಕ್ಕೆ ಯೂಟ್ಯೂಬಿನಲ್ಲಿ ಬಿರಿಯಾನಿ ಮಾಡೋದು ನೋಡ್ತಿದ್ದೆ. ಅದು ಚಪಲ ಅಂದುಕೊಂಡಿದ್ದೆ.

ಇನ್ನು ನಮ್ಮ ಕಡೆಗೆ. ಅದೇ ಯುದ್ಧದಲ್ಲಿ 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿ ಸಾಲದೆ ಇಡ್ಲಿಗೆ ರವೆ ಹಾಕಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಎಂಟಿಆರ್‌ನವರು ಹೇಳಿಕೊಳ್ತಾರೆ. ಹೇಗ್‌ನಲ್ಲಿ ಯುದ್ಧ ಗೋಧಿಯನ್ನು ತಟ್ಟೆಯಿಂದ ತೆಗೆಯಿತು, ಬೆಂಗಳೂರಲ್ಲಿ ಇಡ್ಲಿಯೊಳಕ್ಕೇ ಸೇರಿಸಿತು! ನನ್ನ ಇಷ್ಟದ ತಿಂಡಿ ಅದಾಗಿತ್ತು, ಹೋಗಲಿ ಬಿಡಿ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತದ ಉತ್ತರ, ಈಶಾನ್ಯ, ದಕ್ಷಿಣ ಮೂರೂ ಕಡೆ ಹುಡುಕಿದ್ದಾರೆ. ಈ ಕಾಯಿಲೆಗೆ ಬೇಕಾದ ಜೀನು ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ 36. ಹೆಚ್ಚುಕಡಿಮೆ ಒಂದೇ. ಆದರೆ ಕಾಯಿಲೆ ಉತ್ತರದಲ್ಲಿ ಸಾವಿರಕ್ಕೆ ಎಂಟೂವರೆ, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಂದು. ಅಲ್ಲಿ ದಿನಕ್ಕೆ ತಿನ್ನುವ ಗೋಧಿ ಸರಾಸರಿ 455 ಗ್ರಾಂ, ಇಲ್ಲಿ 25. ನಮ್ಮ ಅಜ್ಜಿ ತುಮಕೂರು ಕಡೆಯವರು, ಅವರ ಮನೇಲಿ ಗೋಧಿ ಅಂದ್ರೆ ಹಬ್ಬದ ಹೋಳಿಗೆಗೆ ಮಾತ್ರ. ಅವರ ಜೀನೂ ನನ್ನದೇ ಇರಬಹುದು. ಗೊತ್ತಾಗೋ ಪ್ರಸಂಗವೇ ಬರಲಿಲ್ಲ.

ಇನ್ನೊಂದು ಲೆಕ್ಕ ಉತ್ತರ ಐರ್ಲೆಂಡಿನದು, 2006ನೇ ಇಸವಿ. 371 ಸೀಲಿಯಾಕ್ ರೋಗಿಗಳಲ್ಲಿ ಕಾಯಿಲೆ ಗೊತ್ತಾದಾಗ ತೂಕ ಕಡಿಮೆ ಇದ್ದವರು ನೂರಕ್ಕೆ ಐದು, ಜಾಸ್ತಿ ಇದ್ದವರು ನೂರಕ್ಕೆ 39. ಪಥ್ಯ ಹಿಡಿದು ಎರಡು ವರ್ಷಕ್ಕೆ ಬಹುಪಾಲು ಜನರ ತೂಕ ಇನ್ನೂ ಏರಿತ್ತು. ಗೀ ಕಂಡ ಕಡ್ಡಿ ಕೈಕಾಲಿನ ಮಗು ಈಗ ಅಪರೂಪ. ಹೀಗಿದ್ದೂ 2011ರಲ್ಲಿ 'ವೀಟ್ ಬೆಲ್ಲಿ' ಅನ್ನೋ ಪುಸ್ತಕ ಬಂದಮೇಲೆ ಗ್ಲುಟೆನ್ ಬಿಟ್ಟರೆ ಸಣ್ಣ ಆಗ್ತಾರೆ ಅನ್ನೋ ನಂಬಿಕೆ ಊರೆಲ್ಲ ಹಬ್ಬಿತು. "ನಿನಗೇನಪ್ಪಾ, ಡಯಟ್ಟು ಸುಲಭ" ಅಂತ ಆಫೀಸಿನಲ್ಲಿ ಅಂದವರಿದ್ದಾರೆ. ನನ್ನ 13 ಕೆಜಿ ಎಲ್ಲಿಂದ ಬಂತು ಅಂತ ಅವರಿಗೆ ಹೇಗೆ ಹೇಳೋದು!

ಡಾಕ್ಟರು ಕಳಿಸಿದ ಡಯಟಿಶಿಯನ್ ನನ್ನ 1200ನ್ನು ಹೊಡೆದುಹಾಕಿ 1750 ಬರೆದರು. ಅನ್ನ ವಾಪಸ್ ಬಂತು. ಮಧ್ಯಾಹ್ನ ಅನ್ನ, ಬೇಳೆ ಸಾರು, ಪಲ್ಯ, ಒಂದು ಮೊಟ್ಟೆ. ರಾತ್ರಿ ಮುದ್ದೆ, ಬಸ್ಸಾರು. 75 ಗ್ರಾಂ ರಾಗಿಹಿಟ್ಟಿನ ಮುದ್ದೆ ಅಂದ್ರೆ ಸುಮಾರು 240 ಕ್ಯಾಲೊರಿ, ತೂಗಿ ಮಾಡ್ತೀನಿ, ಅಮ್ಮ ನಗ್ತಾರೆ. "ಹಿಟ್ಟನ್ನ ತಕ್ಕಡೀಲಿ ತೂಗಿ ಮುದ್ದೆ ಕಟ್ಟೋರನ್ನ ನಿನ್ನೇ ನೋಡಿದ್ದು ಕಣೋ" ಅಂತ. ದುಬಾರಿ ಬಿಸ್ಕತ್ತು ಬಿಟ್ಟೆ, ಅದರಲ್ಲಿ ಗ್ಲುಟೆನ್ ಇಲ್ಲ ಅನ್ನೋದು ಬಿಟ್ಟರೆ ಇನ್ನೇನೂ ಇಲ್ಲ, ಪಿಷ್ಟ, ಸಕ್ಕರೆ, ಎಣ್ಣೆ. ಏಳು ತಿಂಗಳಿಗೆ ನಾಲ್ಕು ಕೆಜಿ ಇಳಿದಿದೆ. ಹಿಮೋಗ್ಲೋಬಿನ್ 12 ದಾಟಿದೆ.

ಇದೇ ಕಾಯಿಲೆ ಇರೋರು ಯಾರಾದ್ರೂ ಓದ್ತಿದ್ರೆ ಎರಡು ಮಾತು. ಅಂಗಡಿಯ ಪುಡಿ ಇಂಗಿನಲ್ಲಿ ಎಷ್ಟೋ ಕಡೆ ಗೋಧಿಹಿಟ್ಟು ಬೆರೆಸಿರ್ತಾರೆ, ಪೊಟ್ಟಣದ ಹಿಂದೆ ಓದಿ. ನಾನು ಒಂದು ವರ್ಷ ಸಾರಿನಲ್ಲೇ ಗೋಧಿ ತಿಂದೆ. ಮತ್ತೆ, ಜವೆ ಗೋಧಿ ಹಳೇ ತಳಿ, ಏನೂ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅದರಲ್ಲೂ ಗ್ಲುಟೆನ್ ಇದೆ.

ಒಂದು ಸಹಾಯ ಬೇಕು. ಜೋಳದ ರೊಟ್ಟಿ ಕಲೀತಿದ್ದೀನಿ. ಜೋಳದಲ್ಲಿ ಹಿಡಿದಿಡೋ ಅಂಟು ಇಲ್ಲ, ಅದಕ್ಕೇ ಕುದಿಯೋ ನೀರಲ್ಲಿ ಕಲೆಸಬೇಕು ಅಂತ ಗೊತ್ತು, ಹಾಗೇ ಮಾಡ್ತೀನಿ. ಆದ್ರೂ ತಟ್ಟುವಾಗ ಅಂಚು ಒಡೆದು ಕರ್ನಾಟಕದ ನಕಾಶೆ ಆಗುತ್ತೆ, ಎತ್ತಿ ಹೆಂಚಿಗೆ ಹಾಕೋ ಹೊತ್ತಿಗೆ ಬೀದರ್ ಕಿತ್ತುಕೊಂಡು ಬರುತ್ತೆ. ಧಾರವಾಡ, ಬಿಜಾಪುರ ಕಡೆಯವರು ಇದ್ದೀರಲ್ಲ, ನೀರಿನ ಲೆಕ್ಕ ಏನು ಅಂತ ಸ್ವಲ್ಪ ಹೇಳಿಕೊಡ್ರೀ :)